ಸುಣ್ಣದ ಗೂಡು, ಕಡಲಿನ ಚಿಪ್ಪು



‘ಪ್ರಕೃತಿ ತನ್ನ ಸಮತೋಲನವನ್ನು ತಾನೇ ಕಾಪಾಡಿಕೊಳ್ಳುತ್ತದೆ’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ರಸಾಯನಶಾಸ್ತ್ರದಲ್ಲಿ ಸಮತೋಲನಕ್ಕಿರುವ ಅರ್ಥ ಅಷ್ಟು ಸಮಾಧಾನಕರವಾದುದಲ್ಲ. ಅದನ್ನು ಅರಿಯಲು ಎಲೆಯಡಿಕೆಯ ಸುಣ್ಣವೇ ಸಾಕು.

ಸುಣ್ಣದ ಗೂಡಿನಲ್ಲಿ ಕಪ್ಪೆಚಿಪ್ಪನ್ನು ಸುಡುತ್ತಾರೆ. ಚಿಪ್ಪೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದು ಒಡೆದು, ಇಂಗಾಲದ ಡೈಆಕ್ಸೈಡ್ ಹೊರಬಿದ್ದು, ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿ ಅರಳಿಸಿದ ಆ ಸುಣ್ಣವನ್ನು ಮುಚ್ಚದೆ ಬಿಟ್ಟರೆ, ಗಾಳಿಯಿಂದ ಅದೇ ಅನಿಲವನ್ನು ಹೀರಿ ಮೇಲೊಂದು ಗಟ್ಟಿ ಪೊರೆ ಕಟ್ಟುತ್ತದೆ. ಪೊರೆ ಮತ್ತೆ ಕಾರ್ಬೊನೇಟೇ. ಹೀಗೆ ಹೊರಟಲ್ಲಿಗೇ ಮರಳಬಲ್ಲ ಕ್ರಿಯೆ ಪರಾವರ್ತ್ಯ ಕ್ರಿಯೆ.

ಗೂಡಿನ ಬಾಯಿ ತೆರೆದಿರುವುದರಿಂದ ಅನಿಲ ಹೊರಟುಹೋಗಿ ಚಿಪ್ಪು ಪೂರ್ತಿ ಸುಣ್ಣವಾಗುತ್ತದೆ. ಸಾಕಷ್ಟು ಚಿಪ್ಪನ್ನು ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ, ಒಂದು ಹಂತದಲ್ಲಿ ಎಲ್ಲವೂ ನಿಂತಂತೆ ಕಾಣುತ್ತದೆ. ನಿಂತಿರುವುದಿಲ್ಲ. ಒಡೆಯುವ ವೇಗ, ಕೂಡುವ ವೇಗ ಸಮನಾಗಿರುತ್ತವೆ, ಅಷ್ಟೆ. ಬರುವವರೂ ಹೋಗುವವರೂ ಸಮನಾದಾಗ ಸಂತೆಯ ಸಂದಣಿ ಹಾಗೆಯೇ ಇದ್ದಂತೆ ತೋರುವುದಿಲ್ಲವೇ? ಆಗ ವಿಕಿರಣಶೀಲ ಇಂಗಾಲವುಳ್ಳ ಅನಿಲವನ್ನು ಪಾತ್ರೆಯೊಳಗೆ ಬೆರೆಸಿದರೆ, ಕ್ರಮೇಣ ಆ ಇಂಗಾಲ ಘನ ಕಾರ್ಬೊನೇಟಿನಲ್ಲೂ ಪತ್ತೆಯಾಗುತ್ತದೆ. ಇದು ಚಲನಶೀಲ ಸಮತೋಲನ. ಸಮನಾಗುವುದು ವೇಗಗಳೇ ಹೊರತು ಪ್ರಮಾಣಗಳಲ್ಲ. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲಿಯೇ.

ಇಂತಹ ವ್ಯವಸ್ಥೆಯ ಮೇಲೆ ಒತ್ತಡ ಬಿದ್ದರೆ ಅದನ್ನು ತಗ್ಗಿಸುವ ದಿಕ್ಕಿಗೆ ಕ್ರಿಯೆ ಸರಿಯುತ್ತದೆಂದು 1884ರಲ್ಲಿ ಫ್ರಾನ್ಸಿನ ಲ ಶಾತಲಿಯೇ ತಿಳಿಸಿದನು. ತಗ್ಗಿಸುವುದೆಂದರೆ ಅಳಿಸುವುದಲ್ಲ. ಸಮತೋಲನ ಮರಳಿ ಏರ್ಪಡುತ್ತದೆ, ಆದರೆ ಬೇರೊಂದು ನೆಲೆಯಲ್ಲಿ.

ಕಡಲಿನಲ್ಲಿ ಈಗ ನಡೆಯುತ್ತಿರುವುದು ಅದೇ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಕಲ್ಲಿದ್ದಲಿನ ಹೊಗೆ, ಎಣ್ಣೆಯ ಹೊಗೆ, ಕಡಿದು ಸುಟ್ಟ ಬೆಟ್ಟದ ಹೊಗೆ ಎಲ್ಲವೂ ಆ ಲೆಕ್ಕದಲ್ಲಿವೆ. ಮನುಷ್ಯರು ಹೊರಬಿಟ್ಟ ಅನಿಲದ ಸುಮಾರು ಕಾಲುಭಾಗವನ್ನು ಕಡಲು ಹೀರುತ್ತಿದೆ. ಹೀರಿದ ಅನಿಲವು ನೀರಿನಲ್ಲಿ ಕರಗಿರುವ ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿಸುತ್ತದೆ. ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಅಂಕಿ ಚಿಕ್ಕದು, ಆಮ್ಲೀಯತೆಯನ್ನು ತೋರುವ ಹೈಡ್ರೋಜನ್ ಅಯಾನುಗಳು ಮಾತ್ರ ಕಾಲುಭಾಗಕ್ಕೂ ಹೆಚ್ಚು ಏರಿವೆ. ಕಪ್ಪೆಚಿಪ್ಪಿನ ಜೀವಿಗೆ, ಹವಳಕ್ಕೆ ತಮ್ಮ ಕವಚ ಕಟ್ಟಲು ಬೇಕಾದ ಕಾರ್ಬೊನೇಟ್ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿದೆ.

ಕಡಲ ತಳದ ಸುಣ್ಣ ಕರಗಿ ಈ ಕೊರತೆಯನ್ನು ತುಂಬಬಲ್ಲದು. ಅದಕ್ಕೆ ಸಾವಿರಾರು ವರ್ಷಗಳು ಹಿಡಿಯುತ್ತವೆ.