ಗೆರೆ ಒಬ್ಬರದು, ದನಿ ಇನ್ನೊಬ್ಬರದು

(ಕಾಸರಗೋಡು ಕಡೆಯ ಊರೊಂದರಲ್ಲಿ ಗಡಿನಾಡಿನ ಯುವಜನರಿಗಾಗಿ ನಡೆದ ಚಿತ್ರ–ಧ್ವನಿ ಶಿಬಿರದ ಮೊದಲ ದಿನ ಆಡಿದ ಮಾತುಗಳ ಬರಹರೂಪ)



ಚಹಾ ಕುಡಿಯುವಾಗ ನಿಮ್ಮಲ್ಲೊಬ್ಬರು ಕೇಳಿದ್ರು: "ಶಬ್ದವನ್ನು ಬಿಡಿಸೋದು ಅಂದ್ರೆ ಏನು? ಚೆಂಡೆ ಸದ್ದು ಕೇಳಿ ಚೆಂಡೆಯ ಚಿತ್ರ ಬರೆಯೋದಾ?" ಅಲ್ಲ. ಚೆಂಡೆಯ ಚಿತ್ರ ಬರೆದರೆ ಅದು ವಸ್ತುವಿನ ಚಿತ್ರ. ಅದರ ಸದ್ದು ಹೇಗೆ ಏರಿತು, ಎಲ್ಲಿ ತಟ್ಟನೆ ನಿಂತಿತು, ಅದನ್ನು ಗೆರೆಯಲ್ಲಿ ಹಿಡಿಯಬೇಕು. ಆಮೇಲೆ ಆ ಗೆರೆ ನೋಡಿ ಇನ್ನೊಬ್ಬರು ದನಿ ಕೊಡಬೇಕು.

ಇದು ತೀರಾ ಹೊಸ ಸಂಗತಿಯೇನೂ ಅಲ್ಲ. ಈ ಕಡೆಯವರು ನಾಗಮಂಡಲ ನೋಡಿರ್ತೀರಿ. ತಾಳವಾಡಿ, ಜತ್ತ ಕಡೆಯಿಂದ ಬಂದವರಿಗಾಗಿ ಸ್ವಲ್ಪ ಹೇಳ್ತೇನೆ. ನೆಲದ ಮೇಲೆ ಐದು ಬಣ್ಣದ ಪುಡಿಗಳಲ್ಲಿ ಹಾವಿನ ದೊಡ್ಡ ಮಂಡಲ ಬರೀತಾರೆ. ಬಿಳಿಗೆ ಬಿಳಿ ಮಣ್ಣು, ಹಳದಿಗೆ ಅರಸಿನ, ಅರಸಿನಕ್ಕೆ ಸುಣ್ಣ ಬೆರೆತರೆ ಕೆಂಪು, ಸೊಪ್ಪಿನ ಪುಡಿ ಹಸಿರು, ಹುರಿದ ಉಮಿಯ ಕಪ್ಪು. ಹಾವಿನ ಮೈ ಒಂದರೊಳಗೊಂದು ಹೆಣೆದು ಗಂಟಾಗ್ತದೆ. 16 ಗಂಟಿದ್ರೆ ಪೂರ್ಣ ಮಂಡಲ, 8 ಇದ್ರೆ ಅರ್ಧ. ರಾತ್ರಿ ವೈದ್ಯರು ಡಕ್ಕೆ ಹಿಡಿದು ಹಾಡ್ತಾ ಕುಣೀತಾರೆ, ಪಾತ್ರಿ ಹಿಂಗಾರ ಹಿಡಿದು ಅವರೊಂದಿಗೆ ಸುತ್ತು ಬರ್ತಾರೆ. ಮಂಡಲ ಇಲ್ಲದೆ ಆ ಕುಣಿತಕ್ಕೆ ದಾರಿ ಇಲ್ಲ, ಡಕ್ಕೆ ಇಲ್ಲದೆ ಮಂಡಲಕ್ಕೆ ಜೀವ ಇಲ್ಲ.

ಇಲ್ಲಿಂದ ತೆಂಕಕ್ಕೆ ಹೋದರೆ ಕೇರಳದ 'ಕಳಮೆಳುತ್ತುಂ ಪಾಟ್ಟುಂ' ಇದೆ. ಹೆಸರಲ್ಲೇ ಎರಡೂ ಕೂತಿವೆ ನೋಡಿ: ಎಳುತ್ತು ಅಂದ್ರೆ ಬರೆಯೋದು, ಪಾಟ್ಟು ಅಂದ್ರೆ ಹಾಡು. ನಮ್ಮ 'ಬರೆ' ಎಂಬ ಮಾತೂ ಹಾಗೇ, ಪತ್ರವನ್ನೂ ಬರೀತೇವೆ, ಚಿತ್ರವನ್ನೂ ಬರೀತೇವೆ. ಪುಳ್ಳುವರ ಸರ್ಪಕಳದಲ್ಲಿ ಹೆಬ್ಬೆರಳು, ತೋರುಬೆರಳ ನಡುವಿಂದ ಪುಡಿ ಉದುರಿಸಿ ಹಾವು ಬಿಡಿಸ್ತಾರೆ. ಪುಳ್ಳುವ ವೀಣೆ, ಕುಡ ನುಡಿಸ್ತಾ ಹಾಡ್ತಾರೆ. ಕುಡ ಅಂದ್ರೆ ಮಣ್ಣಿನ ಕೊಡಕ್ಕೆ ಚರ್ಮ ಬಿಗಿದು ತಂತಿ ಕಟ್ಟಿದ್ದು. ಹಾಡು ಏರಿದಾಗ ಅಡಿಕೆ ಹೂವು ಹಿಡಿದು ಕೂತ ಹೆಂಗಸರು ತುಳ್ಳಲ್ ಶುರುಮಾಡಿ, ಗಂಟೆಗಟ್ಟಲೆ ಬರೆದ ಆ ಚಿತ್ರವನ್ನು ಅಳಿಸಿಬಿಡ್ತಾರೆ. ಸದ್ದು ಹೇಗೆ ಉಳಿಯೋದಿಲ್ಲವೋ ಚಿತ್ರವೂ ಉಳಿಯೋದಿಲ್ಲ. ಉಳಿಯೋದು ಅದನ್ನು ಬಲ್ಲ ಜನ ಮಾತ್ರ.

ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಇವೆಲ್ಲ ನಂಬಿಕೆಯ ಕೆಲಸಗಳು, ಅದಕ್ಕೆ ಅದರದೇ ಜನ ಇದ್ದಾರೆ. ನಾವು ಇಲ್ಲಿ ಮಂಡಲದ ನಕಲು ತೆಗೆದು ರೀಲ್ಸ್ ಮಾಡೋದು ಬೇಡ. ಕಲಿಯಬೇಕಾದದ್ದು ಗೆರೆಗೂ ದನಿಗೂ ಇರುವ ಆ ಕೊಡು–ಕೊಳೆ.

ನಂಬಿಕೆಯ ಅಂಗಳದ ಹೊರಗೂ ಈ ಕೆಲಸ ನಡೆದಿದೆ. ಇಂಗ್ಲೆಂಡಿನಲ್ಲಿ ಕಾರ್ನೆಲಿಯಸ್ ಕಾರ್ಡ್ಯೂ ಎಂಬ ಸಂಗೀತಗಾರ 1963ರಿಂದ 1967ರವರೆಗೆ 'ಟ್ರೀಟಿಸ್' ಅನ್ನೋ ಕೃತಿ ಬರೆದ. 193 ಪುಟ. ಗೆರೆ, ವೃತ್ತ, ಬಾಗಿದ ಆಕಾರ, ಅಲ್ಲಲ್ಲಿ ಅಂಕಿ. ಹೇಗೆ ನುಡಿಸಬೇಕು ಅಂತ ಒಂದು ಸಾಲಿನ ಸೂಚನೆಯೂ ಇಲ್ಲ! ನುಡಿಸುವವರೇ ಕೂತು ಮಾತಾಡಿಕೊಳ್ಳಬೇಕು: ಈ ದಪ್ಪ ಗೆರೆ ಅಂದ್ರೆ ಜೋರೋ, ಉದ್ದವೋ? 1969ರಲ್ಲಿ ಅವನು ಇಬ್ಬರು ಗೆಳೆಯರ ಜತೆ 'ಸ್ಕ್ರ್ಯಾಚ್ ಆರ್ಕೆಸ್ಟ್ರಾ' ಕಟ್ಟಿದ. ಸಂಗೀತ ಕಲಿತವರೂ ಬಂದ್ರು, ಸ್ವರ ಓದಲು ಬಾರದವರೂ ಬಂದ್ರು.

ನನಗೆ ಮುಖ್ಯ ಅನ್ನಿಸೋದು ಇದೇ, ಓದಲು ಬಾರದವರೂ ಬಂದ್ರು ಅನ್ನೋದು. ನಮ್ಮ ಪರಿಸ್ಥಿತಿ ನೋಡಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಇಂಗ್ಲಿಷೋ. ನಿಮ್ಮಲ್ಲಿ ಕೆಲವರಿಗೆ ಕನ್ನಡ ಮಾತಾಡಲು ಬರ್ತದೆ, ಅಕ್ಷರ ಬರೋದಿಲ್ಲ. ಅಜ್ಜಿಗೆ ನೂರಾರು ಹಾಡು ಬರ್ತದೆ, ಅವರಿಗೂ ಅಕ್ಷರ ಬರೋದಿಲ್ಲ. ಅಕ್ಷರ ಬಲ್ಲ ನಾಲ್ಕು ಜನ ಮಾತ್ರ ಸಭೆ ಮಾಡ್ತಾ ಕೂತರೆ ಇವರಿಬ್ಬರೂ ಹೊರಗೇ. ಗೆರೆಯ ಹತ್ತಿರ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೂರಬಹುದು. ಹಾಗಂತ ಗೆರೆ ಅಕ್ಷರದ ಬದಲಿ ಅಂತ ನಾನು ಹೇಳೋದಿಲ್ಲ. ಅಕ್ಷರ ಕಲೀಲೇಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಕಲಿಯೋವರೆಗೆ ಬಾಗಿಲಲ್ಲಿ ನಿಲ್ಲಿಸೋದು ಸರಿಯಲ್ಲ.

ಕೆಲಸ ಹೀಗೆ ಮಾಡೋಣ. ನಾಲ್ಕು ನಾಲ್ಕು ಜನ ಸೇರಿ, ಬೇರೆ ಬೇರೆ ತಾಲೂಕಿನವರು. ಹೊರಗೆ ಹೋಗಿ ಹತ್ತು ನಿಮಿಷ ಬಾಯಿ ಮುಚ್ಚಿ ಕೇಳಿ. ಬಾವಿಯ ರಾಟೆ, ಬಸ್ಸಿನ ಹಾರನ್, ಬಾಂಗು, ಗಂಟೆ, ಯಾರೋ ತುಳುವಿನಲ್ಲಿ ಬಯ್ಯೋದು, ಏನಿದ್ರೂ ಸರಿ. ಒಳಗೆ ಬಂದು ಒಂದೇ ಉದ್ದ ಕಾಗದದ ಮೇಲೆ ನಾಲ್ವರೂ ಇದ್ದಿಲಲ್ಲಿ ಬರೀರಿ, ಎಡದಿಂದ ಬಲಕ್ಕೆ, ಅಕ್ಷರ ಇಲ್ಲದೆ. ಆಮೇಲೆ ಆ ಕಾಗದ ಪಕ್ಕದ ಗುಂಪಿಗೆ ಕೊಡಿ. ಅವರು ಅದನ್ನು ನೋಡಿ ಬಾಯಲ್ಲಿ, ಚಪ್ಪಾಳೆಯಲ್ಲಿ, ತಟ್ಟೆ ಲೋಟದಲ್ಲಿ ಸದ್ದು ಮಾಡ್ಲಿ.

"ನಾವು ಬರೆದದ್ದು ಅದಲ್ಲ" ಅಂತ ಜಗಳ ಬರ್ತದೆ, ಬರಲಿ. ಜಗಳ ಮಾಡ್ತಾ ಮಾಡ್ತಾ ಈ ಗೆರೆಗೆ ಈ ದನಿ ಅಂತ ಎಂಟು ಜನ ಒಪ್ಪಿಕೊಂಡ್ರೆ ನಿಮ್ಮದೇ ಒಂದು ಬರಹ ಹುಟ್ಟಿದ ಹಾಗೆ.

ನಾಳೆ ಬೆಳಿಗ್ಗೆ ಈ ಊರಿನ ಅಜ್ಜಿಯಂದಿರು ಮೂವರು ಬರ್ತಾರೆ. ಮೊದಲು ಅವರು ಹಾಡ್ತಾರೆ, ನೀವು ಬರೀರಿ. ಆಮೇಲೆ ಇದ್ದಿಲು ಅವರ ಕೈಗೆ ಕೊಟ್ಟು ನೀವು ಹಾಡಿ. ಕಾಗದದ ಸುರುಳಿ ಹಿಂದಿನ ಕೋಣೆಯಲ್ಲಿದೆ, ಇಬ್ಬರು ಹೋಗಿ ತನ್ನಿ.