ಉಪ್ಪಿನ ಗಣಿಯ ಕೊಂಬೆ

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ನಗುತ್ತ ಆಡುವ ಮಾತೊಂದಿದೆ. ಹೆಗ್ಗಣವು ಹೆಗ್ಗಣವಾಗಿಯೇ ಉಳಿದು ಮುದ್ದಾದರೆ ಚಿಂತೆಯಿಲ್ಲ, ಅದೇ ಪ್ರೀತಿ. ಅದು ಹೆಗ್ಗಣವೇ ಅಲ್ಲ, ಜಿಂಕೆಯ ಮರಿ ಎಂದು ನಂಬಿಬಿಟ್ಟಾಗಲೇ ತೊಡಕು.

ಈ ನಂಬಿಕೆಗೆ ಚೆಲುವಾದ ಒಂದು ಹೋಲಿಕೆಯನ್ನು ಕೊಟ್ಟವನು ಫ್ರಾನ್ಸಿನ ಲೇಖಕ ಸ್ಟೆಂಡಾಲ್. ಪ್ರೇಮವನ್ನು ಕುರಿತ ಅವನ ಗ್ರಂಥ 1822ರಲ್ಲಿ ಅಚ್ಚಾಯಿತು. ಆಸ್ಟ್ರಿಯದ ಸಾಲ್ಜ್‌ಬರ್ಗ್ ಬಳಿಯ ಉಪ್ಪಿನ ಗಣಿಗಳ ಪ್ರಸ್ತಾಪ ಅದರಲ್ಲಿ ಬರುತ್ತದೆ. ಎಲೆಯುದುರಿದ ಒಂದು ಕೊಂಬೆಯನ್ನು ಪಾಳುಬಿದ್ದ ಗಣಿಯ ಆಳಕ್ಕೆ ಎಸೆಯುತ್ತಾರಂತೆ. ಎರಡು ಮೂರು ತಿಂಗಳ ಮೇಲೆ ಹೊರತೆಗೆದರೆ ಕಡ್ಡಿಕಡ್ಡಿಗೂ ಹರಳು ಕಟ್ಟಿ, ವಜ್ರ ಪೋಣಿಸಿದಂತೆ ಥಳಥಳಿಸುತ್ತದೆ. ಮೊದಲಿನ ಕೊಂಬೆಯ ಗುರುತೇ ಸಿಗದು. ಒಲಿದವನ ಮನಸ್ಸೂ ಇಂಥದೇ ಗಣಿ ಎಂದ ಸ್ಟೆಂಡಾಲ್. ನಡುವೆ ಸಂಶಯ ಬಂದು ಹೋದರೆ, ಆಮೇಲೆ ಕಟ್ಟುವ ಎರಡನೆಯ ಹರಳು ಇನ್ನೂ ಗಟ್ಟಿ! ಇದನ್ನು ಬರೆದಾಗ ಅವನೇ ಮಿಲಾನಿನ ಮೆತಿಲ್ದ್ ಎಂಬಾಕೆಗೆ ಮನಸೋತಿದ್ದ, ಆಕೆ ಒಲಿಯಲಿಲ್ಲ. ರೋಗಕ್ಕೆ ಹೆಸರಿಟ್ಟ ವೈದ್ಯನಿಗೇ ಮದ್ದು ಸಿಗಲಿಲ್ಲವೆನ್ನಿ.

ನಮ್ಮಲ್ಲಿ ಇದಕ್ಕೆ ಆದರ್ಶೀಕರಣವೆಂಬ ತೂಕದ ಪದವಿದೆ. ಸಂಸ್ಕೃತದಲ್ಲಿ ಆದರ್ಶ ಎಂದರೆ ಕನ್ನಡಿ ಎಂಬುದು ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಎದುರಿಗಿರುವವರಲ್ಲಿ ನಾವು ಕಾಣುವ ಹೊಳಪು ಎಷ್ಟೋ ಸಲ ನಮ್ಮದೇ ಆಸೆಯ ಮುಖ. ಹರಳು ಉದುರಿದ ದಿನ, ಮೋಸವಾಯಿತೆಂದು ಕೊಂಬೆಯನ್ನು ಬಯ್ಯುತ್ತೇವೆ. ತನ್ನನ್ನು ಗಣಿಗೆ ಎಸೆಯಿರೆಂದು ಕೊಂಬೆ ಕೇಳಿತ್ತೆ?

ಬದುಕಿರುವವರ ಮೇಲೆ ಕಟ್ಟಿದ ಹರಳು ದಿನದಿನದ ಒಡನಾಟದಲ್ಲಿ ಹೇಗೋ ಸವೆಯುತ್ತದೆ. ತೀರಿಹೋದವರದು ಹಾಗಲ್ಲ. ನನ್ನ ಅಣ್ಣ ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ಹೋದ. ಆಗ ನನ್ನ ತಮ್ಮನಿಗೆ ಮೂರು ವರ್ಷ. ಅಮ್ಮನ ಬಾಯಲ್ಲಿ ಅಣ್ಣ ವರ್ಷದಿಂದ ವರ್ಷಕ್ಕೆ ಹೊಳೆಯುತ್ತ ಹೋದ. ಎದುರು ಮಾತನಾಡಿದವನಲ್ಲ, ಸುಳ್ಳು ಹೇಳಿದವನಲ್ಲ, ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವನಲ್ಲ. ತಮ್ಮ ಬೆಳೆದದ್ದೆಲ್ಲ, ಕಣ್ಣಿಗೆ ಕಾಣದ, ಎಂದೂ ಸೋಲದ ಒಬ್ಬನೊಡನೆ ಪಂದ್ಯ ಕಟ್ಟಿದಂತೆಯೇ. ಅಮ್ಮನ ದುಃಖಕ್ಕೆ ಅಡ್ಡ ಬರುವ ಧೈರ್ಯ ನನಗೆ ಬಹುಕಾಲ ಇರಲಿಲ್ಲ.

ತಮ್ಮ ಒಂದು ಸಲ ಲೆಕ್ಕದ ಪರೀಕ್ಷೆಯಲ್ಲಿ ತಪ್ಪಿದ. "ನಿನ್ನ ಅಣ್ಣ ಒಂದು ದಿನವೂ ನನ್ನ ತಲೆ ತಗ್ಗಿಸಲಿಲ್ಲ" ಎಂದರು ಅಮ್ಮ. ಹುಡುಗ ಉಗುರು ಕಚ್ಚುತ್ತ ಕಂಬಕ್ಕೆ ಒರಗಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. "ಅಮ್ಮ, ಅಣ್ಣನೂ ಲೆಕ್ಕದಲ್ಲಿ ತಪ್ಪಿ, ಅಂಕಪಟ್ಟಿಯನ್ನು ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟಿದ್ದ. ಮರೆತೆಯಾ?" ಎಂದೆ. ಅವರು ಉತ್ತರ ಕೊಡದೆ ಒಳಗೆ ಹೋದರು. ಸಂಜೆಯವರೆಗೆ ಮನೆಯಲ್ಲಿ ಮಾತೇ ಇಲ್ಲ. ಎಂಥ ಪಾಪ ಮಾಡಿದೆನಪ್ಪಾ ಎನ್ನಿಸಿತು.

ರಾತ್ರಿ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೆಯೇ ನಿಂತರು. "ಅಕ್ಕಿ ಡಬ್ಬ ಅಲ್ಲ ಕಣೋ, ರಾಗಿ ಡಬ್ಬ. ಅವತ್ತು ಎರಡು ಬಿಗಿದಿದ್ದೆ ಅವನಿಗೆ" ಎಂದು ನಕ್ಕರು, ಕಣ್ಣೂ ಒರೆಸಿಕೊಂಡರು.

ತಮ್ಮ ಕೈತುತ್ತು ಕೆಳಗಿಟ್ಟು ಕೇಳಿದ: "ಅಣ್ಣ ಅತ್ತನೇನಮ್ಮ?"

"ಅಳದೆ ಏನು! ಊಟ ಬೇಡ ಅಂತ ಮುಸುಕೆಳೆದು ಮಲಗಿದ. ಆಮೇಲೆ ನಡುರಾತ್ರಿ ಎದ್ದು ಬಂದು ಮೊಸರನ್ನ ಕೇಳಿದ."

"ಆಮೇಲೆ?" ಎಂದ ತಮ್ಮ, ಹತ್ತಿರಕ್ಕೆ ಸರಿದು.