ಶರತ್ಕಾಲದಲ್ಲಿ ಕೆರೆಯ ಆರೈಕೆ

ಕೆರೆಯ ಮಾತು ಬೇಸಗೆಯ ಮಾತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನೀರು ಬತ್ತಿ ತಳ ಕಂಡಾಗ ಹೂಳಿನ ನೆನಪಾಗುತ್ತದೆ. ಮಳೆ ಬಂದು ಕೋಡಿ ಹರಿದ ದಿವಸ ಬಾಗಿನವನ್ನರ್ಪಿಸಿ ಮರೆತುಬಿಡುತ್ತೇವೆ. ಆದರೆ ಕೆರೆಯ ರೋಗಗಳಲ್ಲಿ ಅನೇಕವು ಗೋಚರವಾಗುವುದು ಅದು ತುಂಬಿರುವಾಗಲೇ. ಒಣಗಿದ ಏರಿಯಲ್ಲಿ ನೀರು ಸೋರುವ ಸ್ಥಳವನ್ನು ಯಾವ ಪಂಡಿತನೂ ಬೆರಳಿಟ್ಟು ತೋರಿಸಲಾರನು. ಆದಕಾರಣ, ಮಳೆ ಹಿಂದೆಗೆದು ನೀರು ಇನ್ನೂ ನಿಂತಿರುವ ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ಮಾಡತಕ್ಕ ಕೆಲಸವನ್ನು ಕುರಿತು ಶ್ರೋತೃಗಳ ಮುಂದೆ ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇನೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನು ನೆನೆಯಿರಿ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಆದರೂ ಇದು ಬರದ ನಾಡು. ಡೋಣಿಯ ನೀರು ಉಪ್ಪು. ವರ್ಷದ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಅದರಲ್ಲಿಯೂ ಸೆಪ್ಟೆಂಬರು ತಿಂಗಳೇ ಮುಖ್ಯವಾದುದು. ಆ ಹಸಿಯನ್ನೇ ನಂಬಿ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುತ್ತಾರೆ. ಚಿತ್ತೆ, ಸ್ವಾತಿ ಮಳೆಗಳು ಕಳೆದರೆ ಮುಂದಿನ ಜೂನಿನವರೆಗೆ ಮೋಡವನ್ನು ನಂಬುವಂತಿಲ್ಲ. ಆಗ ಕೆರೆಯಲ್ಲಿ ನಿಂತ ನೀರೇ ಊರಿನ ಬಂಡವಾಳ. 1876ರಿಂದ 1878ರವರೆಗಿನ ಘೋರ ಕ್ಷಾಮವನ್ನು ಕಂಡ ನಾಡಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಈಗ ಕಾಲವು ಬದಲಾಗಿದೆಯೆಂದು ಕೆಲವರು ಹೇಳಬಹುದು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟು ಎದ್ದು ನಿಂತಿದೆ. ಮುಳವಾಡವೇ ಮೊದಲಾದ ಏತ ನೀರಾವರಿಗಳಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಕೆರೆಗಳನ್ನು ತುಂಬಿಸುತ್ತಾರೆ. ಕಾಲುವೆಯಿಂದ ನೀರು ಬರುವಾಗ ಏರಿಯ ಚಿಂತೆ ಏತಕ್ಕೆ? ನನ್ನ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು. ಆಕಾಶದಿಂದ ಬಿದ್ದ ನೀರು ಸೋರಿದರೆ ನಷ್ಟ ಒಂದೇ. ವಿದ್ಯುತ್ತನ್ನು ವ್ಯಯಮಾಡಿ ಮೇಲೆತ್ತಿದ ನೀರು ಸೋರಿದರೆ ನಷ್ಟ ಎರಡು.

ಲೆಕ್ಕವನ್ನು ನೋಡೋಣ. ಹತ್ತು ಎಕರೆ ಹರವಿನ ಕೆರೆಯಲ್ಲಿ ಒಂದು ಅಂಗುಲ ನೀರೆಂದರೆ 36,300 ಘನ ಅಡಿ, ಎಂದರೆ ಹತ್ತು ಲಕ್ಷ ಲೀಟರಿಗೂ ಮಿಗಿಲು. ದನವೊಂದಕ್ಕೆ ದಿನಕ್ಕೆ 50 ಲೀಟರು ಹಿಡಿದರೂ ಸಾವಿರ ದನಗಳಿಗೆ ಇಪ್ಪತ್ತು ದಿನ ಸಾಲುವ ನೀರು ಅದು. ಒಂದು ಅಂಗುಲದ ಬೆಲೆ ಇಷ್ಟು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಶಾಸನವು ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಆ ದೋಷಗಳಲ್ಲಿ ಏರಿಯಿಂದ ನೀರು ಜಿನುಗುವುದೂ ಒಂದು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿ ಮತ್ತು ಆದಾಯಗಳನ್ನು ಸೂಚಿಸುತ್ತವೆ. ಕಟ್ಟಿದ ಪುಣ್ಯ ಒಮ್ಮೆ. ಕಾಯುವ ಪುಣ್ಯ ವರ್ಷವರ್ಷವೂ ಎಂಬುದು ಅವರ ವ್ಯವಸ್ಥೆಯ ತಿರುಳು.

ಈಗ ಕೆಲಸದ ವಿಚಾರ. ಮೊದಲನೆಯದು, ಏರಿಯ ಹೊರಮೈಯ ಬುಡದಲ್ಲಿ ನಡೆದು ನೋಡುವುದು. ಜಿನುಗುವ ನೀರು ತಿಳಿಯಾಗಿದ್ದು ಹೆಚ್ಚದೆ ಇದ್ದರೆ ಗುರುತು ಹಾಕಿ ಕಾಯಬಹುದು. ಅದು ಕದಡಿ ಬರುತ್ತಿದ್ದರೆ ಏರಿಯ ಮಣ್ಣೇ ಒಳಗಿಂದ ಕೊಚ್ಚಿಹೋಗುತ್ತಿದೆಯೆಂದರ್ಥ. ಅಂದೇ ಬಲ್ಲವರನ್ನು ಕರೆಯಬೇಕು. ಇಂಥ ಬಾಯನ್ನು ಹೊರಗಿನಿಂದ ಜೇಡಿಯಲ್ಲಿ ಮೆತ್ತುವುದು ತಪ್ಪು. ತಡೆದ ನೀರು ಬೇರೊಂದು ದಾರಿಯನ್ನು ಹುಡುಕುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಕಲ್ಲು, ಹೀಗೆ ಹೊದಿಸಿದರೆ ನೀರು ಹೊರಬರುತ್ತದೆ, ಮಣ್ಣು ನಿಲ್ಲುತ್ತದೆ.

ಎರಡನೆಯದು, ಇಲಿ ಏಡಿಗಳ ಬಿಲಗಳು ಮತ್ತು ಜಾಲಿಯ ಗಿಡಗಳು. ಎರೆಮಣ್ಣು ಬೇಸಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟಾಗುತ್ತದೆ. ಅಂಗೈಯಲ್ಲಿ ಹಿಡಿದರೆ ಉಂಡೆಯಾಗುವ ಹದವು ದೊರೆಯುವುದು ಶರತ್ಕಾಲದಲ್ಲಿಯೇ. ಬಿಲವನ್ನು ಅಗೆದು ತೆರೆದು, ಪದರಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಎಳೆಯ ಗಿಡಗಳನ್ನು ಬೇರುಸಹಿತ ಕೀಳಬೇಕು. ಬಿಟ್ಟರೆ ಮುಂದೆ ಅವುಗಳ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ.

ಮೂರನೆಯದು, ತೂಬು ಮತ್ತು ಕೋಡಿ. ತೂಬಿನ ಬಾಯಿಯ ಕಸವನ್ನು ತೆಗೆದು ಅದು ಸಲೀಸಾಗಿ ಮುಚ್ಚುವುದೇ ಎಂದು ಪರೀಕ್ಷಿಸಬೇಕು. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಗೆ ಮರಳುಚೀಲವನ್ನೊಡ್ಡುವ ಚಾಳಿಯುಂಟು. ಹಿಂಗಾರಿಯ ಒಂದು ಬಿರುಮಳೆ ಬಂದರೆ ನೀರು ಏರಿಯನ್ನೇ ದಾಟುತ್ತದೆ. ದಾಟಿದ ಮಣ್ಣಿನ ಏರಿ ಉಳಿಯುವುದು ದುರ್ಲಭ.

ನಾಲ್ಕನೆಯದು, ಆಪನ್ನೂ ಇತರ ಜಲಕಳೆಯನ್ನೂ ಬೀಜ ಉದುರುವ ಮುನ್ನ ಕಿತ್ತು, ಮತ್ತೆ ನೀರಿಗೆ ಜಾರದಷ್ಟು ದೂರ ಸಾಗಿಸುವುದು. ಗಣಪತಿಯ ವಿಸರ್ಜನೆಯಾದ ಮೇಲೆ ಉಳಿದ ಹಂದರಗಳನ್ನೂ ಬಣ್ಣದ ಗಾರೆಯನ್ನೂ ಎತ್ತುವುದು. ಐದನೆಯದು, ನೀರಿನಲ್ಲಿ ಅಳತೆಯ ಕಲ್ಲೊಂದನ್ನು ನೆಟ್ಟು ವಾರಕ್ಕೊಮ್ಮೆ ಮಟ್ಟವನ್ನು ಬರೆದಿಡುವುದು. ಬಿಸಿಲಿಗೆ ಆರುವುದಕ್ಕಿಂತ ಬೇಗನೆ ಇಳಿದರೆ ಎಲ್ಲಿಯೋ ಸೋರಿಕೆಯಿದೆ, ಇಲ್ಲವೆ ಕೆಳಗಿನ ಬಾವಿಗಳಿಗೆ ಒರತೆಯಾಗಿ ಹೋಗುತ್ತಿದೆ. ಎರಡನೆಯದು ಲಾಭವೇ, ಇಂಡಿಯ ನಿಂಬೆಯ ತೋಟಗಳು ಬಾಳುವುದು ಇಂಥ ಒರತೆಯಿಂದಲೇ. ಆದರೆ ಯಾವುದೆಂದು ತಿಳಿಯಲು ಬರಹ ಬೇಕು.

ಇದನ್ನು ಮಾಡಬೇಕಾದವರು ಯಾರು? ಕಾನೂನಿನಂತೆ 40 ಹೆಕ್ಟೇರಿಗಿಂತ ಕಡಮೆ ಅಚ್ಚುಕಟ್ಟಿನ ಕೆರೆ ಪಂಚಾಯತಿಗೆ ಸೇರಿದ್ದು, ಅದಕ್ಕೆ ಮಿಗಿಲಾದುದು ಸಣ್ಣ ನೀರಾವರಿ ಇಲಾಖೆಗೆ. ಆದರೆ ಇಲಾಖೆಯ ಕಣ್ಣು ಪ್ರತಿದಿನವೂ ಏರಿಯ ಮೇಲಿರದು. ಊರವರ ಕಣ್ಣಿದ್ದರೆ ಇಲಾಖೆಯ ಕೈ ಬೇಗ ಬಂದೀತು. ಪಟ್ಟಣದಲ್ಲಿ ನೆಲಸಿರುವ ನಮಗೂ ಇದರಲ್ಲಿ ಪಾಲುಂಟು. ದಸರೆಗೋ ದೀಪಾವಳಿಗೋ ನಾವು ಹುಟ್ಟೂರಿಗೆ ಹೋಗುತ್ತೇವಷ್ಟೆ. ಅಳೆಯುವುದು, ಬರೆದಿಡುವುದು, ಅರ್ಜಿ ಸಲ್ಲಿಸುವುದು ಓದಿದವರಿಗೆ ಸುಲಭವಾದ ಕೆಲಸಗಳು.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕದ ಮಾತನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಶೀಗೆ ಹುಣ್ಣಿಮೆಯಂದು ರೈತರು ಬೆಳೆದ ಹೊಲಕ್ಕೆ ಚರಗವನ್ನು ಚೆಲ್ಲುತ್ತಾರೆ. ಅಂದೇ ಊರವರೆಲ್ಲ ಸೇರಿ ಕೆರೆಯ ಏರಿಯನ್ನು ಒಮ್ಮೆ ನಡೆದು ಬರುವ ಪದ್ಧತಿಯನ್ನು ಹಾಕಿಕೊಂಡರೆ, ಹೊಲಕ್ಕೆ ಸಲ್ಲಿಸಿದ ಗೌರವ ನೀರಿಗೂ ಸಂದೀತು. ಬರುವ ವೈಶಾಖದಲ್ಲಿ ದನಗಳಿಗೆ ಗುಟುಕು ನೀರೂ ಉಳಿದೀತು.